ಮೈದಾನದಲ್ಲಿ ವೀರ, ಮನೆಯಲ್ಲಿ?



ನಮ್ಮ ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳ ಜೊತೆ ನಮ್ಮ ತಾಲೂಕೂ ಆಂಧ್ರಕ್ಕೆ ಸೇರಿತು. ಅಂಗಡಿಯ ಬೋರ್ಡು ತೆಲುಗಾಯಿತು, ಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಕ್ರಿಕೆಟ್ಟಿನಲ್ಲೂ ಹಾಗೆಯೇ. ನೆರೆಯವರು ಹೈದರಾಬಾದ್ ತಂಡಕ್ಕೆ ಚಪ್ಪಾಳೆ ತಟ್ಟಿದರೆ ನಮ್ಮ ಮನೆಯ ಮಕ್ಕಳು ಬೆಂಗಳೂರು ತಂಡದ ಕೆಂಪು ಅಂಗಿ ತೊಡುತ್ತಾರೆ. 2025ರ ಜೂನ್ 3ರ ರಾತ್ರಿ ಆ ತಂಡ ಮೊದಲ ಸಲ ಐಪಿಎಲ್ ಗೆದ್ದಾಗ ನಾವೂ ಮಕ್ಕಳ ಜೊತೆ ನಿದ್ದೆಗೆಟ್ಟು ಕೂತಿದ್ದೆವು.

ಅದಾಗಿ ಒಂದು ತಿಂಗಳಿಗೆ, ಜುಲೈ ಮೊದಲ ವಾರದಲ್ಲಿ, ನಮ್ಮ ಮೊಮ್ಮಗಳು ಬೆಳಗಿನ ಪತ್ರಿಕೆಯಿಂದ ಒಂದು ಸುದ್ದಿ ಓದಿದಳು. ವೇಗದ ಬೌಲರ್ ಮೊಹಮ್ಮದ್ ಶಮಿ ಅವರು ತಮ್ಮಿಂದ ಬೇರೆಯಾಗಿರುವ ಪತ್ನಿಗೆ ತಿಂಗಳಿಗೆ 1.5 ಲಕ್ಷ, ಮಗಳಿಗೆ 2.5 ಲಕ್ಷ ರೂಪಾಯಿ ಮಧ್ಯಂತರ ಜೀವನಾಂಶ ಕೊಡಬೇಕೆಂದು ಕಲ್ಕತ್ತಾ ಹೈಕೋರ್ಟು ಹೇಳಿತ್ತು. ಓದಿ ಮುಗಿಸಿ ಕೇಳಿದಳು:

“ಅಜ್ಜಾ, ಕೋರ್ಟು ಹೇಳಿದ್ದು ಆಯಿತು. ಇವರಿಗೆ ಪಗಾರ ಕೊಡೋ ಬೋರ್ಡಿನವರು ಏನಂದ್ರು?”

“ಅದು ಅವರ ಮನೆ ವಿಷಯವಮ್ಮಾ, ಬೋರ್ಡಿನವರು ಏನು ಮಾಡ್ಯಾರು?” ಎಂದೆವು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ನಮ್ಮನ್ನೊಮ್ಮೆ ನೋಡಿದರು, ಮಾತಾಡಲಿಲ್ಲ. ಆ ನೋಟದ ಕಾರಣ ನಮಗೆ ಗೊತ್ತಿತ್ತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಮಗುವಿನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಣ.

ಶಮಿ ಅವರ ಪತ್ನಿ ಹಿಂಸೆಯ ಆರೋಪ ಮಾಡಿ ಕೋಲ್ಕತ್ತಾದ ಪೊಲೀಸರಿಗೆ ದೂರು ಕೊಟ್ಟದ್ದು 2018ರ ಮಾರ್ಚ್‌ನಲ್ಲಿ. ಶಮಿ ಅವರು ಆರೋಪಗಳನ್ನೆಲ್ಲ ಅಲ್ಲಗಳೆದರು. ಅದೇ ವಾರ ಪ್ರಕಟವಾದ ಕ್ರಿಕೆಟ್ ಬೋರ್ಡಿನ ವಾರ್ಷಿಕ ಕರಾರಿನ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಬೋರ್ಡು ತನ್ನ ಭ್ರಷ್ಟಾಚಾರ ತಡೆ ವಿಭಾಗದ ಮುಖ್ಯಸ್ಥರಾಗಿದ್ದ ನೀರಜ್ ಕುಮಾರ್ ಅವರಿಂದ ವಿಚಾರಣೆಯನ್ನೂ ಮಾಡಿಸಿತು. ಆದರೆ ಯಾವ ವಿಚಾರಣೆ? ಪತ್ನಿಯ ದೂರಿನಲ್ಲಿ ಹಣದ ವ್ಯವಹಾರದ ಒಂದು ಮಾತೂ ಬಂದಿತ್ತು. ಆಟದಲ್ಲಿ ಮೋಸವೇನಾದರೂ ನಡೆದಿದೆಯೇ ಎಂಬುದೊಂದೇ ವಿಚಾರಣೆಯ ವಿಷಯ. ಹಾಗೇನೂ ಇಲ್ಲವೆಂದು ವರದಿ ಬಂತು. ಮಾರ್ಚ್ 22ರಂದು ವರ್ಷಕ್ಕೆ 3 ಕೋಟಿ ರೂಪಾಯಿಯ ‘ಬಿ’ ದರ್ಜೆಯ ಕರಾರು ಅವರಿಗೆ ಸಿಕ್ಕಿತು. ಮನೆಯೊಳಗಿನ ಹಿಂಸೆಯ ಮಾತು ಪೊಲೀಸರಿಗೆ, ಕೋರ್ಟಿಗೆ ಬಿಟ್ಟದ್ದಾಯಿತು. 2019ರ ಮಾರ್ಚ್‌ನಲ್ಲಿ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರು. ಅದೇ ವರ್ಷ ಇಂಗ್ಲೆಂಡಿನ ವಿಶ್ವಕಪ್‌ನಲ್ಲಿ ಶಮಿ ಹ್ಯಾಟ್ರಿಕ್ ಪಡೆದರು.

ಆರೋಪ ನಿಜವೋ ಸುಳ್ಳೋ ತೀರ್ಮಾನಿಸುವುದು ಕೋರ್ಟಿನ ಕೆಲಸ. ಅದಕ್ಕೆ ನಾವು ಕೈ ಹಾಕುವುದಿಲ್ಲ. ನಾವು ನೋಡುವುದು ಯಜಮಾನನ ಕಡೆ. ಎರಡು ದೂರುಗಳು ಒಟ್ಟಿಗೆ ಬಂದಾಗ ಯಜಮಾನ ಯಾವುದನ್ನು ತನ್ನದೆಂದು ಕೈಗೆತ್ತಿಕೊಂಡ, ಯಾವುದನ್ನು ಬೇರೆಯವರದೆಂದು ಬದಿಗಿಟ್ಟ?

‘ಕೋರ್ಟು ತೀರ್ಮಾನಿಸಲಿ ಎಂದು ಬೋರ್ಡು ಕಾಯುವುದು ನ್ಯಾಯವಲ್ಲವೇ?’ ಎಂದು ಕೇಳಬಹುದು. ಆದರೆ ಬೇರೆ ವಿಷಯಗಳಲ್ಲಿ ಇದೇ ಬೋರ್ಡು ಕಾದಿಲ್ಲ. 2013ರ ಮೇ ತಿಂಗಳಲ್ಲಿ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ಶ್ರೀಶಾಂತ್ ಅವರ ಬಂಧನವಾಯಿತು. ಸೆಪ್ಟೆಂಬರ್‌ನಲ್ಲಿ ಬೋರ್ಡು ಅವರಿಗೆ ಆಜೀವ ನಿಷೇಧ ಹಾಕಿತು. 2015ರಲ್ಲಿ ದೆಹಲಿಯ ಕೋರ್ಟು ಅವರನ್ನು ಮೊಕದ್ದಮೆಯಿಂದ ಬಿಟ್ಟರೂ ಬೋರ್ಡು ನಿಷೇಧ ತೆಗೆಯಲಿಲ್ಲ. ನಮ್ಮ ಶಿಸ್ತಿನ ಲೆಕ್ಕ ಬೇರೆ, ಕೋರ್ಟಿನ ಲೆಕ್ಕ ಬೇರೆ ಎಂಬುದು ಆಗಿನ ವಾದ. ಮುಂದೆ 2019ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅದು ಏಳು ವರ್ಷಕ್ಕೆ ಇಳಿಯಿತು.

ಇನ್ನೊಂದು ಉದಾಹರಣೆ ನಮ್ಮ ಕರ್ನಾಟಕದ ಹುಡುಗನದು. 2019ರ ಜನವರಿಯಲ್ಲಿ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಹೋಗಿದ್ದ ಟಿ.ವಿ. ಕಾರ್ಯಕ್ರಮವೊಂದು ಪ್ರಸಾರವಾಯಿತು. ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಹಗುರ ಮಾತು ಬಂತೆಂದು ಬೋರ್ಡು ಕೆಲವೇ ದಿನಗಳಲ್ಲಿ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸು ಕರೆಸಿತು. ಏಪ್ರಿಲ್‌ನಲ್ಲಿ ಬೋರ್ಡಿನ ಒಂಬುಡ್ಸ್‌ಮನ್ ಆಗಿದ್ದ ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್ ಅವರು ತಲಾ 20 ಲಕ್ಷ ದಂಡ ಹಾಕಿದರು. ಹತ್ತು ಲಕ್ಷ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯವರ ವಿಧವೆಯರಿಗೆ, ಹತ್ತು ಲಕ್ಷ ಅಂಧರ ಕ್ರಿಕೆಟ್ ನಿಧಿಗೆ. ಈ ಕ್ರಮ ತಪ್ಪೆಂದು ನಾವು ಹೇಳುತ್ತಿಲ್ಲ. ಆಡಿದ ಮಾತಿಗೆ ಇಷ್ಟು ಬೇಗ ಎದ್ದವರು ಎತ್ತಿದ ಕೈಯ ಆರೋಪಕ್ಕೆ ಏಕೆ ಏಳುವುದಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ.

ಬೆಂಗಳೂರು ತಂಡದ್ದೂ ಒಂದು ಕಥೆಯಿದೆ. 2012ರ ಮೇ ತಿಂಗಳಲ್ಲಿ ಅದರ ಆಸ್ಟ್ರೇಲಿಯಾದ ಆಟಗಾರ ಲ್ಯೂಕ್ ಪಾಮರ್ಸ್‌ಬಾಕ್ ಅವರನ್ನು ದೆಹಲಿಯ ಹೋಟೆಲಿನಲ್ಲಿ ಮಹಿಳೆಯೊಬ್ಬರ ಮೇಲೆ ಕೈ ಮಾಡಿದ ಆರೋಪದಲ್ಲಿ ಪೊಲೀಸರು ಬಂಧಿಸಿದರು. ತಂಡ ಅವರನ್ನು ಆಟದಿಂದ ಹೊರಗಿಟ್ಟಿತು. ಆದರೆ ತಂಡದ ಒಡೆತನದ ಮನೆಯ ಮಗನೇ ದೂರು ಕೊಟ್ಟ ಆ ಮಹಿಳೆಯ ನಡತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ದೂರು ರಾಜಿಯಲ್ಲಿ ಮುಗಿಯಿತು. ಆಡಿದ ಮಾತು ಉಳಿಯಿತು.

ಹೊರದೇಶದವರು ಏನು ಮಾಡಿದ್ದಾರೆ? ಅಮೆರಿಕದಲ್ಲಿ ಅವರದೇ ರೀತಿಯ ಫುಟ್ಬಾಲಿನ ದೊಡ್ಡ ಲೀಗ್ ಇದೆ. 2014ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ತಂಡದ ರೇ ರೈಸ್ ಎಂಬ ಆಟಗಾರ ತಾನು ಮದುವೆಯಾಗಲಿದ್ದವಳಿಗೆ ಹೋಟೆಲಿನ ಲಿಫ್ಟಿನಲ್ಲಿ ಹೊಡೆದು ಪ್ರಜ್ಞೆ ತಪ್ಪಿಸಿದ. ಜುಲೈಯಲ್ಲಿ ಲೀಗ್ ಕೊಟ್ಟ ಶಿಕ್ಷೆ ಎರಡು ಪಂದ್ಯ. ಅದೇ ವರ್ಷ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿದ ಇನ್ನೊಬ್ಬ ಆಟಗಾರನಿಗೆ ಇಡೀ ವರ್ಷದ ನಿಷೇಧ ಬಿದ್ದಿತ್ತು, ಆಮೇಲೆ ಅದು ಹತ್ತು ಪಂದ್ಯಕ್ಕೆ ಇಳಿಯಿತು. ಜನ ಉಗಿದ ಮೇಲೆ ಆಗಸ್ಟ್‌ನಲ್ಲಿ ಲೀಗ್ ಆರು ಪಂದ್ಯದ ನಿಯಮ ಮಾಡಿತು. ಸೆಪ್ಟೆಂಬರ್ 8ರಂದು ಲಿಫ್ಟಿನೊಳಗಿನ ಚಿತ್ರ ಟಿ.ವಿ.ಯಲ್ಲಿ ಬಂತು. ಅದೇ ದಿನ ತಂಡ ಅವನನ್ನು ತೆಗೆದುಹಾಕಿತು, ಲೀಗ್ ಅನಿರ್ದಿಷ್ಟ ಕಾಲದ ನಿಷೇಧ ಹಾಕಿತು. ಹೊಡೆದದ್ದು ಗೊತ್ತಿದ್ದಾಗ ಎರಡು ಪಂದ್ಯ, ಜಗತ್ತೆಲ್ಲ ನೋಡಿದ ಮೇಲೆ ನಿಷೇಧ. ಪೆಟ್ಟು ಎರಡೂ ಸಲ ಒಂದೇ! ನವೆಂಬರ್‌ನಲ್ಲಿ ಮಾಜಿ ನ್ಯಾಯಾಧೀಶೆಯೊಬ್ಬರು ಆ ಎರಡನೆಯ ಶಿಕ್ಷೆಯನ್ನು ರದ್ದು ಮಾಡಿದರು. ಕರಾರು ಮೊದಲೇ ಬರೆದಿಡದೆ ಸಿಟ್ಟು ಬಂದಾಗ ಬರೆದರೆ ನಿಲ್ಲುವುದಿಲ್ಲ ಎಂಬುದು ನಮ್ಮ ಪೇಟೆಯ ಮಕ್ಕಳಿಗೂ ಗೊತ್ತು.

ಅಲ್ಲಿಯ ಬೇಸ್‌ಬಾಲ್ ಲೀಗ್ ಇದರಿಂದ ಪಾಠ ಕಲಿತು 2015ರ ಆಗಸ್ಟ್‌ನಲ್ಲಿ ಆಟಗಾರರ ಸಂಘದ ಜೊತೆ ಕೂತು ನಿಯಮ ಬರೆಯಿತು. ವಿಚಾರಣೆ ನಡೆಯುವಾಗ ಆಟಗಾರನನ್ನು ಸಂಬಳ ಸಹಿತ ರಜೆಯ ಮೇಲೆ ಇಡಬಹುದು. ಕೋರ್ಟಿನಲ್ಲಿ ಶಿಕ್ಷೆ ಆಗದಿದ್ದರೂ ಲೀಗ್ ಕ್ರಮ ಕೈಗೊಳ್ಳಬಹುದು. ಅವನನ್ನು ತಿದ್ದುವ ಚಿಕಿತ್ಸೆಗೆ ತಜ್ಞರ ಮಂಡಳಿಯೂ ಉಂಟು. ಆಸ್ಟ್ರೇಲಿಯಾದ ರಗ್ಬಿ ಲೀಗ್ 2019ರಲ್ಲಿ ಇನ್ನೊಂದು ದಾರಿ ಮಾಡಿತು. 11 ವರ್ಷ ಅಥವಾ ಹೆಚ್ಚಿನ ಸೆರೆವಾಸಕ್ಕೆ ಗುರಿಯಾಗುವಂಥ ಮೊಕದ್ದಮೆ ಬಿದ್ದರೆ ಆಟಗಾರ ತೀರ್ಪು ಬರುವವರೆಗೆ ಪಂದ್ಯ ಆಡುವಂತಿಲ್ಲ. ಸಂಬಳ ಪೂರ್ತಿ ನಡೆಯುತ್ತದೆ.

ಈ ‘ಆಟ ನಿಲ್ಲಿಸು, ಸಂಬಳ ನಿಲ್ಲಿಸಬೇಡ’ ಎಂಬುದು ನಮಗೆ ಬಹಳ ಹಿಡಿಸಿತು. ಸುಳ್ಳು ದೂರಿನ ಭಯ ಇರುವವರಿಗೂ ಇದರಲ್ಲಿ ಉತ್ತರವಿದೆ. ಹತ್ತಿಯ ಲಾಟಿನ ಬಗ್ಗೆ ತಕರಾರು ಬಂದರೆ ಆ ಲಾಟನ್ನು ನಾವು ಬದಿಗಿಡುತ್ತೇವೆ. ಹತ್ತಿ ಕೆಟ್ಟದ್ದೆಂದು ತೀರ್ಮಾನಿಸಿದಂತೆ ಅಲ್ಲ. ತಕರಾರು ಬಗೆಹರಿಯುವ ತನಕ ತಕ್ಕಡಿಗೆ ಏರಿಸುವುದಿಲ್ಲ, ಅಷ್ಟೇ. ಇದರಿಂದ ಮಾಲಿನ ಮರ್ಯಾದೆಯೂ ಉಳಿಯುತ್ತದೆ, ಕೊಳ್ಳುವವರ ನಂಬಿಕೆಯೂ ಉಳಿಯುತ್ತದೆ. ಸಂಬಳ ಏಕೆ ನಿಲ್ಲಿಸಬಾರದು ಎಂಬುದನ್ನು ಹೇಳಬೇಕಾದರೆ ನಮ್ಮ ಮನೆಯವರ ಆ ನೋಟದ ಕಥೆಗೆ ಬರಬೇಕು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಅಡತಿ ಅಂಗಡಿಯಲ್ಲಿ ಒಬ್ಬ ಕೆಲಸಗಾರನಿದ್ದ. ಅಂಡಿಗೆಯೊಳಗೆ ಕೈ ಹಾಕಿ ಒಂದು ಚಿಟಿಕೆ ಹತ್ತಿ ಎಳೆದು ನೋಡಿದನೆಂದರೆ ಎಳೆಯ ಉದ್ದ, ತೇವ, ಕಸ ಎಲ್ಲ ಹೇಳುತ್ತಿದ್ದ. ಅವನ ಮಾತು ತಪ್ಪಿದ್ದನ್ನು ನಾವು ಕಾಣೆವು. ಸೀಸನ್ನಿನ ಒಂದು ಬೆಳಿಗ್ಗೆ ಅವನ ಹೆಂಡತಿ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬಂದಳು. ಕಣ್ಣಿನ ಕೆಳಗೆ ಊದಿತ್ತು, ಒಂದು ಕೈ ಮೇಲೆತ್ತಲು ಆಗುತ್ತಿರಲಿಲ್ಲ. ನಮ್ಮ ಮನೆಯವರು ಅವಳನ್ನು ಕೂಡಿಸಿ ಹಾಲು ಕೊಟ್ಟು ಕೇಳಿದರು. ಅವಳು ಹೇಳಿದ್ದು ಇಷ್ಟೇ:

“ಅಮ್ಮಾರ, ಸಾವ್ಕಾರ್ರು ಒಂದು ಮಾತು ಗದರಿಸಲಿ. ಪಗಾರ ನನ್ನ ಕೈಗೆ ಕೊಡ್ಲಿ. ಕೆಲಸ ಮಾತ್ರ ಬಿಡಿಸಬ್ಯಾಡ್ರಿ, ಮಕ್ಕಳು ಉಪವಾಸ ಬೀಳ್ತಾವ.”

ಮಧ್ಯಾಹ್ನ ಊಟಕ್ಕೆ ಬಂದಾಗ ನಮಗೆ ಈ ಮಾತು ತಲುಪಿತು. “ಅದು ಅವರ ಮನೆ ವಿಷಯ. ಸೀಸನ್ ಮುಗೀಲಿ, ನೋಡೋಣ” ಎಂದೆವು. ಸೀಸನ್ ಮುಗಿಯಿತು. ನಾವು ನೋಡಲಿಲ್ಲ. ಆ ಹೆಣ್ಣುಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ಆಲೂರಿನ ಕಡೆ ತವರಿಗೆ ಹೋದಳು. ಅವನು ಇನ್ನೂ ಎರಡು ಸೀಸನ್ ನಮ್ಮಲ್ಲೇ ದುಡಿದ. ಅವನ ಕೈಯಿಂದ ನಮಗೆ ಲಾಭವೂ ಆಯಿತು.

ಅದೇ ವರ್ಷ ಗಲ್ಲಾದಲ್ಲಿ ನಾಲ್ಕುನೂರು ರೂಪಾಯಿ ಕಡಿಮೆ ಬಂತೆಂದು ಒಬ್ಬ ಹುಡುಗನನ್ನು ಸಂಜೆಯೊಳಗೆ ಮನೆಗೆ ಕಳಿಸಿದ್ದೆವು. ನಮ್ಮ ಮನೆಯವರು ಒಂದೇ ಸಲ ಅಂದರು: “ನಾಲ್ಕುನೂರು ರೂಪಾಯಿಗೆ ಒಂದು ದಿನ ಸಾಕಾಯಿತು. ಅವಳ ಕೈಗೆ ಆರು ತಿಂಗಳೂ ಸಾಲಲಿಲ್ಲ.” ಆ ಮಾತಿಗೆ ನಮ್ಮಲ್ಲಿ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕ್ರಿಕೆಟ್ ಬೋರ್ಡನ್ನು ಕೇಳಲು ಹೊರಟ ನಾವು ಮೊದಲು ನಮ್ಮ ಕಿರ್ದಿ ಪುಸ್ತಕ ತೆರೆಯಬೇಕಾಯಿತು.

ಆ ಹೆಣ್ಣುಮಗಳು ಕೇಳಿದ್ದು ಕಾನೂನಿನಲ್ಲಿಯೂ ಇದೆಯೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡ ಹೊಡೆಯದಂತೆ ರಕ್ಷಣಾ ಆದೇಶ, ಮನೆಯಿಂದ ಹೊರಹಾಕದಂತೆ ವಾಸದ ಆದೇಶ, ಖರ್ಚಿಗೆ ಹಣದ ಆದೇಶ, ಈ ಮೂರನ್ನೂ ಮ್ಯಾಜಿಸ್ಟ್ರೇಟರು ಕೊಡಬಹುದು. ಕೊಡಬೇಕಾದ ಹಣವನ್ನು ಗಂಡ ಕೊಡದಿದ್ದರೆ ಅವನ ಸಂಬಳದ ಒಂದು ಭಾಗವನ್ನು ನೇರವಾಗಿ ಆಕೆಗೆ ಕೊಡುವಂತೆ ಕೆಲಸ ಕೊಟ್ಟ ಯಜಮಾನನಿಗೇ ಹೇಳಬಹುದೆಂದು 20ನೆಯ ಕಲಮಿನಲ್ಲಿದೆ. ಅಂದರೆ ಯಜಮಾನನಿಗೂ ಇದರಲ್ಲಿ ಕೆಲಸವಿದೆ ಎಂದು ಕಾನೂನೇ ಒಪ್ಪಿದೆ. ‘ಮನೆ ವಿಷಯ’ ಎಂದವರು ನಾವು ಮಾತ್ರ.

ಇದೆಲ್ಲ ಕೂಲಿಯವರ ಕೇರಿಯ ಮಾತು ಎಂದು ಯಾರೂ ಸಮಾಧಾನ ಮಾಡಿಕೊಳ್ಳಬಾರದು. ಸರ್ಕಾರದ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 29 ಮಂದಿ ಗಂಡನ ಹಿಂಸೆ ಕಂಡವರು. ಕರ್ನಾಟಕದಲ್ಲಿ ನೂರಕ್ಕೆ 44. ಇಷ್ಟು ದೊಡ್ಡ ಲೆಕ್ಕದಲ್ಲಿ ಸಾವುಕಾರರ ಮನೆಗಳು ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ನೀರು ಸೋಸಿ ಕುಡಿಯುವ ಮನೆಗಳು ನಮ್ಮವು. ದೀಪಕ್ಕೆ ಹುಳು ಬಿದ್ದೀತೆಂದು ಸಂಜೆಗೆ ಮುಂಚೆ ಊಟ ಮುಗಿಸುತ್ತೇವೆ. ಅಂಥ ಮನೆಯ ಸೊಸೆ ಮೈಮೇಲಿನ ಬರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರೆ ಆ ಸೋಸಿದ ನೀರಿಗೆ ಅರ್ಥವೇನು? ಪೇಟೆಯಲ್ಲಿ ಒಂದು ಚೆಕ್ಕು ವಾಪಸು ಬಂದರೆ ಮರುದಿನ ಯಾರೂ ಅವನಿಗೆ ಮಾಲು ಕೊಡುವುದಿಲ್ಲ. ಹೆಂಡತಿಗೆ ಹೊಡೆಯುತ್ತಾನೆಂದು ಬೀದಿಗೆಲ್ಲ ಗೊತ್ತಿರುವವನನ್ನು ಮಾತ್ರ ಸಭೆಯಲ್ಲಿ ಮುಂದಿನ ಕುರ್ಚಿಗೆ ಕರೆಯುತ್ತೇವೆ.

ನಾವು ಈಗ ಅಂಗಡಿಯಲ್ಲಿ ಮಾಡಿಕೊಂಡಿರುವ ಪದ್ಧತಿ ಸಣ್ಣದು. ಕೆಲಸಕ್ಕೆ ಸೇರಿಸುವಾಗಲೇ ಹೇಳುತ್ತೇವೆ: ಗಲ್ಲಾಕ್ಕೆ ಕೈ ಹಾಕುವುದೂ ಹೆಂಡತಿ ಮೇಲೆ ಕೈ ಎತ್ತುವುದೂ ಇಲ್ಲಿ ಒಂದೇ ಲೆಕ್ಕ. ಒಪ್ಪಿದವರ ಪಗಾರದ ಅರ್ಧ ಹೆಂಡತಿಯ ಬ್ಯಾಂಕ್ ಖಾತೆಗೆ ಹೋಗುತ್ತದೆ. ದೂರು ಬಂದರೆ ಅದೇ ದಿನ ಎರಡೂ ಕಡೆಯ ಮಾತು ಕೇಳುತ್ತೇವೆ. ಹೆಣ್ಣುಮಗಳ ಮಾತನ್ನು ನಮ್ಮ ಮನೆಯವರು ಬೇರೆಯಾಗಿ ಕೂತು ಕೇಳುತ್ತಾರೆ. ಸಹಾಯವಾಣಿ 181ರ ಅಂಕಿಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಸೀಸನ್ ಮುಗಿಯಲಿ ಎಂಬ ಮಾತು ನಮ್ಮಲ್ಲಿ ಈಗ ಇಲ್ಲ.

ಮೊಮ್ಮಗಳನ್ನು ಕರೆದು ಹೇಳಿದೆವು: “ಅವತ್ತು ಅಜ್ಜ ತಪ್ಪು ಹೇಳಿದೆನಮ್ಮಾ. ಪಗಾರ ಕೊಡುವವರು ಕೇಳಬೇಕಿತ್ತು.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಆಲೂರಿನ ಅಮ್ಮ ಈಗೆಲ್ಲಿದ್ದಾರೆ ಅಜ್ಜಾ?” ಎಂದಳು. ಅಜ್ಜಿಯಿಂದ ಕಥೆ ಕೇಳಿದ್ದಳೆಂದು ಕಾಣುತ್ತದೆ.

ಬರುವ ಸೋಮವಾರ ನಾವಿಬ್ಬರೂ ಆಲೂರಿಗೆ ಹೋಗಿ ವಿಚಾರಿಸಬೇಕೆಂದು ಮಾಡಿದ್ದೇವೆ. ಹದಿನೈದು ವರ್ಷದ ಬಾಕಿ. ಬಡ್ಡಿ ಕಟ್ಟಿ ತೀರಿಸುವಂಥದಲ್ಲ. ಆದರೂ ಬಾಕಿ ಇದೆಯೆಂದು ಅವಳ ಮುಂದೆ ನಿಂತು ಒಪ್ಪಿಕೊಳ್ಳಬೇಕು.