ಕಾರ್ಬೊರೇಟರಿಗೆ ಮೂಗಿಲ್ಲ

ಹೊಸಕೋಟೆ ಕಡೆಯಿಂದ ಕೆ.ಆರ್. ಪುರಂ ತೂಗುಸೇತುವೆ ಹತ್ತುವ ಪೆಟ್ರೋಲ್ ಟ್ಯಾಂಕರ್‌ಗಳು ಸಾಮಾನ್ಯವಾಗಿ ದೇವನಗೊಂದಿಯ ತೈಲ ಡಿಪೊಗಳಿಂದ ಬಂದವು. ಪೆಟ್ರೋಲಿಗೆ ಎಥೆನಾಲ್ ಬೆರೆಯುವುದು ಇಂಥ ಡಿಪೊಗಳಲ್ಲೇ. ಮೈಲೇಜ್ ಇಳಿಯಿತೆಂದು ಬಂಕಿನ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಶೇ 20ರಷ್ಟು ಎಥೆನಾಲ್ ಇರುವ ಇ20ಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಬೆರೆಸುವ ಯೋಚನೆಯೇನೂ ಹೊಸದಲ್ಲ. ಪವರ್ ಆಲ್ಕೋಹಾಲ್ ಕಾಯ್ದೆ 1948ರಲ್ಲೇ ಬಂದಿತ್ತು; 2000ದಲ್ಲಿ ರದ್ದಾಯಿತು.

ಇ20 ಹಳೇ ಗಾಡಿಗೆ ಏಕೆ ಒಗ್ಗದು? ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಹಳೇ ಬೈಕಿನ ಕಾರ್ಬೊರೇಟರ್ ಒಂದನ್ನು ಕೈಗೆತ್ತಿಕೊಂಡು ನೋಡಿ. ತಳದಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್, ನಡುವೆ ಹಿತ್ತಾಳೆಯ ಜೆಟ್. ಮೇಲೆ ಗಾಳಿ ರಭಸವಾಗಿ ನುಗ್ಗಿದಾಗ ಒತ್ತಡ ಇಳಿದು, ಜೆಟ್ಟಿನ ತೂತಿನಿಂದ ಪೆಟ್ರೋಲ್ ಎದ್ದು ತುಂತುರಾಗುತ್ತದೆ. ತೂತಿನ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೊ ಸಾಕು, ಅದರ ಅಣುವಿನಲ್ಲೇ ಆಮ್ಲಜನಕ ಇದೆಯಲ್ಲ! ಇಂಧನ ಬದಲಾಯಿತು, ತೂತು ಬದಲಾಗಲಿಲ್ಲ. ಹಾಗಾಗಿ ಅಗತ್ಯಕ್ಕಿಂತ ಗಾಳಿ ಹೆಚ್ಚಾಗಿ ಮಿಶ್ರಣ ‘ಲೀನ್’ ಆಗುತ್ತದೆ; ಪಿಕಪ್ ಇಳಿಯುತ್ತದೆ, ಇಂಜಿನ್ ಹೆಚ್ಚು ಕಾಯುತ್ತದೆ. 2020ರ ನಂತರದ ಬಿಎಸ್6 ಸ್ಕೂಟರಿನಲ್ಲಿ ಸೆನ್ಸರ್ ಒಂದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸುತ್ತದೆ, ಇಂಜೆಕ್ಟರ್‌ಗೆ ಇನ್ನಷ್ಟು ಪೆಟ್ರೋಲ್ ಬಿಡಲು ಸೂಚನೆ ಹೋಗುತ್ತದೆ. ಕಾರ್ಬೊರೇಟರಿಗೆ ಆ ಮೂಗಿಲ್ಲ.

ಎಥೆನಾಲ್ ನೀರನ್ನೂ ಹೀರುತ್ತದೆ. ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮಿತಿ ಮೀರಿದರೆ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಂದಿಗೆ ತಳ ಸೇರುತ್ತದೆ. ಕಾಕ್ ರಿಸರ್ವ್‌ಗೆ ತಿರುಗಿಸಿದಾಗ ಮೊದಲು ಇಳಿಯುವುದು ಆ ತಳದ್ದೇ. ಹಳೇ ರಬ್ಬರಿನ ಓ-ರಿಂಗ್ ಉಬ್ಬುತ್ತದೆ, ಬಟ್ಟಲಿನ ಒಳಗೋಡೆಗೆ ಬಿಳಿ ಪುಡಿ ಕಟ್ಟುತ್ತದೆ.

ಮೈಲೇಜಿನ ದೂರು ಸುಳ್ಳಲ್ಲ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ಇ20ಗೆಂದು ತಯಾರಾಗದ ಕಾರುಗಳಲ್ಲಿ ಶೇ 6–7, ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ನಷ್ಟವನ್ನು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಲಾಭವೂ ಆ ವರದಿಯಲ್ಲೇ ಇದೆ: ಕಾರ್ಬನ್ ಮಾನಾಕ್ಸೈಡ್ ದ್ವಿಚಕ್ರಗಳಲ್ಲಿ ಅರ್ಧದಷ್ಟು, ಕಾರುಗಳಲ್ಲಿ ಶೇ 30ರಷ್ಟು ತಗ್ಗುತ್ತದೆ. ತೂಗುಸೇತುವೆ ಬಳಿಯ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ. ನೈಟ್ರೋಜನ್ ಆಕ್ಸೈಡುಗಳ ವಿಚಾರದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ, ಅಸಿಟಾಲ್ಡಿಹೈಡ್ ಹೆಚ್ಚುತ್ತದೆ.

ನನಗೆ ಹೆಚ್ಚು ಕಾಡುವ ಲೆಕ್ಕ ಹೊಲದ್ದು. ಅದೇ ವರದಿಯ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕು. ಹತ್ತು ಲೀಟರ್ ಇ20ಯಲ್ಲಿ ಎಥೆನಾಲ್ ಎರಡು ಲೀಟರ್. ನೀರು 5,720 ಲೀಟರ್. ಬೋರ್‌ವೆಲ್ ಬತ್ತಿದ 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ 600 ರೂಪಾಯಿ ದರ ಕಟ್ಟಿದ್ದ 6,000 ಲೀಟರಿನ ನೀರಿನ ಟ್ಯಾಂಕರ್ ನೆನಪಿದೆಯೇ? ಹೆಚ್ಚುಕಡಿಮೆ ಅಷ್ಟು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದರೆ ನನ್ನ ತಕರಾರಿಲ್ಲ, ಆ ನೀರು ಸಕ್ಕರೆಗೆಂದೇ ಖರ್ಚಾಗಿರುತ್ತದೆ. ಎಥೆನಾಲಿಗೆಂದೇ ನೇರ ಕಬ್ಬಿನ ಹಾಲನ್ನೇ ಬಳಸಿದರೆ ಮಾತು ಬೇರೆ. 2023ರ ಬರದಲ್ಲಿ ಕಬ್ಬು ಸೊರಗಿದಾಗ, ಆ ಡಿಸೆಂಬರಿನಲ್ಲಿ ಕೇಂದ್ರವೇ ಅದಕ್ಕೆ ಕಡಿವಾಣ ಹಾಕಿತು.

ಆಗ ಡಿಸ್ಟಿಲರಿಗಳ ಕಣ್ಣು ಮೆಕ್ಕೆಜೋಳದತ್ತ ಹೊರಳಿತು. ಟನ್ನಿಗೆ ಸುಮಾರು 380 ಲೀಟರ್ ಎಥೆನಾಲ್. ಹಾವೇರಿ, ದಾವಣಗೆರೆಯಲ್ಲಿ ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ನೀರಿನ ದೃಷ್ಟಿಯಿಂದ ಇದೇ ಮೇಲು. ಆದರೆ ಅದು ಕೋಳಿಯ ಆಹಾರವೂ ಹೌದು. ಬೇಡಿಕೆ ಏರಿ, 2024ರಲ್ಲಿ ದೇಶ ಮೆಕ್ಕೆಜೋಳ ಆಮದು ಮಾಡಿಕೊಳ್ಳಬೇಕಾಯಿತು. ಮರುವರ್ಷದ ನವೆಂಬರಿನಲ್ಲಿ ಲೆಕ್ಕ ತಿರುಗುಮುರುಗು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಸಿಕ್ಕಿ, ಖರೀದಿ ಕೇಂದ್ರ ತೆರೆಯಿರೆಂದು ಹಾವೇರಿಯ ರೈತರು ಬೀದಿಗಿಳಿದರು. ಡಿಸ್ಟಿಲರಿಗಳಿಗೆ ಆ ಹೊತ್ತಿಗೆ ಭಾರತೀಯ ಆಹಾರ ನಿಗಮದ (ಎಫ್‌ಸಿಐ) ಗೋದಾಮಿನ ಅಕ್ಕಿಯೂ ಸಿಗುತ್ತಿತ್ತು.