ವಿಮಾನ ನಡೆಸುವವರ ಪರೀಕ್ಷೆ: ದೇಶಕ್ಕೊಂದು ರೀತಿ

ಮಗನೋ ಮಗಳೋ ವಿಮಾನ ನಡೆಸುವ ವಿದ್ಯೆಯನ್ನು ಕಲಿಯಲು ಅಮೆರಿಕಾಕ್ಕೆ ಹೊರಟಾಗ, ಅಲ್ಲಿ ದೊರೆತ ಪರವಾನಿಗೆಯು ಇಲ್ಲಿಯೂ ಹಾಗೆಯೇ ಸಲ್ಲುವುದೆಂದು ನಂಬಿ ಹೆತ್ತವರು ಹಣವನ್ನು ಹೊಂದಿಸುವರು. ಆ ನಂಬಿಕೆಯು ಅರ್ಧ ಮಾತ್ರವೇ ಸರಿ.

1944ನೆಯ ಇಸವಿಯಲ್ಲಿ ಷಿಕಾಗೋ ನಗರದಲ್ಲಿ ನಾನಾ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದಂತೆ, ದೇಶದೇಶಗಳ ನಡುವೆ ಹಾರುವ ವಿಮಾನವು ಯಾವ ದೇಶದಲ್ಲಿ ದಾಖಲಾಗಿದೆಯೋ ಆ ದೇಶವು ಕೊಟ್ಟ ಅಥವಾ ಮಾನ್ಯಮಾಡಿದ ಪರವಾನಿಗೆಯು ಅದರ ಚಾಲಕನಲ್ಲಿರತಕ್ಕದ್ದು. ಆದಕಾರಣ ಅಮೆರಿಕಾದ ಪರವಾನಿಗೆಯುಳ್ಳವನು ಆ ದೇಶದ ವಿಮಾನವನ್ನು ನಡೆಸಿಕೊಂಡು ಬಂದು ಬೆಂಗಳೂರಿನಲ್ಲಿ ಇಳಿಯಬಹುದು. ಪಕ್ಕದಲ್ಲಿಯೇ ನಿಂತಿರುವ, ‘ವಿಟಿ’ ಎಂಬ ಅಕ್ಷರಗಳನ್ನು ಹೊತ್ತ ನಮ್ಮ ವಿಮಾನವನ್ನು ಆ ಕಾಗದದ ಬಲದಿಂದಲೇ ನಡೆಸಲಾರನು.

ಅಮೆರಿಕಾದಲ್ಲಿ ವಾಣಿಜ್ಯ ಪರವಾನಿಗೆಗಾಗಿ ಬರೆಯತಕ್ಕ ಪತ್ರಿಕೆಯು ಒಂದೇ. ಪ್ರಶ್ನೆಗಳು 100, ಉತ್ತೀರ್ಣತೆಗೆ ನೂರಕ್ಕೆ 70. ಇಷ್ಟೇಯೋ ಎಂದು ಹಗುರವಾಗಿ ಭಾವಿಸಬಾರದು. ಪರೀಕ್ಷಕನು ಅಭ್ಯರ್ಥಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು, ದಾರಿಯಲ್ಲಿ ಮೋಡ ಕವಿದರೆ ಏನು ಮಾಡುವಿರಿ, ಇಷ್ಟು ಭಾರವನ್ನು ಹೊತ್ತು ಈ ನೆಲದಿಂದ ಏಳಬಹುದೇ ಎಂದು ಕೆದಕಿ ಕೆದಕಿ ಕೇಳುವನು. ಉತ್ತರಗಳು ಒಪ್ಪಿಗೆಯಾದರೆ ಆಮೇಲೆ ಆಕಾಶಕ್ಕೆ. ಅಲ್ಲಿ ಮಾಡಿ ತೋರಿಸತಕ್ಕವುಗಳಲ್ಲಿ ಒಂದನ್ನು ಹೇಳುವೆವು: ಇಳಿಯತಕ್ಕ ಸ್ಥಳದ ನೇರಕ್ಕೆ ಪಕ್ಕದಲ್ಲಿ ಬಂದೊಡನೆ ಎಂಜಿನ್ನಿನ ಬಲವನ್ನು ತಗ್ಗಿಸಿ, ತೇಲುತ್ತ ಹಿಂದಿರುಗಿ, ಗುರುತುಮಾಡಿದ ಸ್ಥಳದಲ್ಲಿಯೋ ಅದರಿಂದ ಮುಂದೆ 200 ಅಡಿಗಳೊಳಗೋ ನೆಲವನ್ನು ಮುಟ್ಟಬೇಕು. ಗುರುತಿಗಿಂತ ಒಂದು ಅಡಿ ಹಿಂದೆ ಮುಟ್ಟಿದರೂ ತಪ್ಪೇ. ಇದನ್ನು ಪುಸ್ತಕದಿಂದ ಕಲಿಯಲಾದೀತೆ?

ಯೂರೋಪಿನವರು ಪುಸ್ತಕವನ್ನು ಹೆಚ್ಚಾಗಿ ನೆಚ್ಚಿದವರು. ದೊಡ್ಡ ಪ್ರಯಾಣಿಕ ವಿಮಾನಗಳನ್ನು ನಡೆಸಲೆಳಸುವವರು ಅಲ್ಲಿ 13 ವಿಷಯಗಳಲ್ಲಿ ಬೇರೆ ಬೇರೆಯಾಗಿ ತೇರ್ಗಡೆಯಾಗಬೇಕು. ಒಂದೊಂದಕ್ಕೂ ನೂರಕ್ಕೆ 75 ಬೇಕು. ಹಾರಾಟದ ಪರೀಕ್ಷೆಯೂ ಉಂಟೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ವಾಣಿಜ್ಯ ಪರವಾನಿಗೆಗೆ 200 ಗಂಟೆಗಳ ಹಾರಾಟವು ಸಾಕು. ಅಮೆರಿಕಾದಲ್ಲಿ ಸಾಮಾನ್ಯವಾಗಿ 250. ಆದರೆ ಮಾರ್ಗನಿರ್ಣಯ, ಹವಾಶಾಸ್ತ್ರ, ವಾಯುಸಂಚಾರದ ನಿಯಮಗಳು, ಯಂತ್ರಜ್ಞಾನ ಇವುಗಳ ಪತ್ರಿಕೆಗಳು ಬೇರೆ ಬೇರೆ. ಪ್ರತಿಯೊಂದರಲ್ಲಿಯೂ ನೂರಕ್ಕೆ 70 ಬರಬೇಕು. ಹೊರದೇಶದ ಪರವಾನಿಗೆಯನ್ನು ತಂದವರಿಗೆ ಎಲ್ಲವೂ ಬೇಕಿಲ್ಲವಾದರೂ, ಮೊದಲಿನ ಮೂರು ವಿಷಯಗಳು ತಪ್ಪವು. ಇದು ಅಧಿಕಾರಿಗಳ ಹಠವೆಂದು ಗೊಣಗುವವರುಂಟು. ಬೇರೆ ಆಕಾಶದಲ್ಲಿ ಕಲಿತವರಿಗೆ ನಮ್ಮ ಮುಂಗಾರಿನ ಮೋಡದ ಸ್ವಭಾವವನ್ನೂ ನಮ್ಮ ನಿಯಮಗಳನ್ನೂ ಓದಿಸುವುದು ಅನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೆ ಅದಕ್ಕೆ ತಗಲುವ ಕಾಲವನ್ನೂ ವೆಚ್ಚವನ್ನೂ ಮನೆಯವರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಮಾತು. ನಮ್ಮ ಸರ್ಕಾರವು ಒಪ್ಪಿದ ವೈದ್ಯರಲ್ಲಿ ಪ್ರಥಮ ವರ್ಗದ ದೇಹಪರೀಕ್ಷೆಯು ಆಗದ ಹೊರತು ಈ ಪರವಾನಿಗೆಯು ದೊರೆಯದು. ಕಣ್ಣು, ಕಿವಿ, ಹೃದಯಗಳ ಆ ತಪಾಸಣೆಯನ್ನು ಶಾಲೆಗೆ ಹಣ ಕಟ್ಟುವುದಕ್ಕೆ ಮುಂಚೆಯೇ ಮಾಡಿಸಿಕೊಳ್ಳುವುದು ಲೇಸು.