ಮೂರು ಬೆರಳು ಬಾಯೊಳಗೆ ಹೋಗ್ತದಾ?

ಗಣೇಶಗುಡಿಯ ರಾಫ್ಟಿಂಗ್ ಗೈಡ್‌ಗಳೇ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ವಾಚರ್‌ಗಳೇ, ಜೊಯಿಡಾದ ಹೋಮ್‌ಸ್ಟೇ ಅಡುಗೆಯವರೇ, ಒಂದು ನಿಮಿಷ ಕೇಳಿ.

ದಿನವಿಡೀ ಮೈಮುರಿದು ದುಡಿಯೋ ನಮಗೆಂಥ ಬಿಪಿ, ಎಂಥ ಶುಗರ್ ಅಂತೀರಾ? ಬಿಪಿ ಹೇಳಿ ಬರೋದಿಲ್ಲ. ಎಷ್ಟೋ ಜನರಿಗೆ ತಲೆನೋವೂ ಇರೋದಿಲ್ಲ.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ ಉಚಿತ. ಹೆಂಗಸರಿಗೆ ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಉಂಟು.

ಏರು ಹತ್ತಿ ಬಂದವರು ಬಂದಕೂಡ್ಲೇ ಬಿಪಿ ನೋಡಿಸೋಕೆ ಕೈ ಚಾಚಬೇಡಿ. ಐದು ನಿಮಿಷ ಕೂತ್ಕೊಳ್ಳಿ. ಚಹಾ, ಬೀಡಿ ಅರ್ಧ ಗಂಟೆ ಮೊದಲೇ ಮುಗಿದಿರಬೇಕು. ಪಾದ ನೆಲದ ಮೇಲೆ, ತೋಳು ಎದೆಮಟ್ಟಕ್ಕೆ, ಮಾತು ಬಂದ್. 140/90 ಅಥವಾ ಹೆಚ್ಚು ಬಂತಾ? ಗಾಬರಿ ಬೇಡ, ಇನ್ನೊಂದು ದಿನ ಮತ್ತೆ ನೋಡಿಸಿ.

ಈಗ ಕವಳ, ಗುಟ್ಕಾ ಹಾಕೋರ ವಿಷಯ. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಯ್ತು. ಆದ್ರೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಬೇರೆ ಬೇರೆ ಮಾರೋದಾಯ್ತು, ಅಷ್ಟೇ! ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರೋ ಹಾಗೆ ಜೋಡಿಸಿ, ಬಾಯಿಗೆ ಹಿಡೀರಿ. ಹೋಗ್ತಾ ಇಲ್ವಾ? ಖಾರ ತಾಗಿದ್ರೆ ಬಾಯಿ ಉರಿಯುತ್ತಾ? ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದ್ರೂ ಮಾಯದ ಹುಣ್ಣು ಇದೆಯಾ? ಡಾಕ್ಟರಿಗೆ ತೋರಿಸಿ, ಇವತ್ತೇ. ಅಡಿಕೆ ತೋಟದ ಊರಲ್ಲಿ ಇದನ್ನ ಹೇಳೋದು ಸ್ವಲ್ಪ ಕಷ್ಟ, ಆದ್ರೆ ಬರೀ ಅಡಿಕೆಯೂ ಬಾಯಿ ಬಿಗಿಸ್ತದೆ.

ರೆಸಾರ್ಟ್ ಮಾಲೀಕರೇ, ಇಲ್ಲಿಂದ ಆಸ್ಪತ್ರೆ ಅಂದ್ರೆ ಅರ್ಧ ದಿನದ ಕೆಲಸ. ವರ್ಷಕ್ಕೊಮ್ಮೆ ಆ ಅರ್ಧ ದಿನದ ಪಗಾರ ಕಡಿಬೇಡಿ.